ಎರಡನೆಯ ಸಲ ಹೇಳಿದ ಮಾತು

ಮೌಂಟ್ ರಾಸ್ಕಿಲ್, ಆಕ್ಲೆಂಡ್
ಅಕ್ಟೋಬರ್ ೨೦೦೬, ಶುಕ್ರವಾರ ಸಂಜೆ

ಕೂಡಿದ ಮಹಾಜನರೇ! ಮುಂದೆ ಚಾಪೆ ಹಾಸಿಕೊಂಡು ಕೂತ ತಾಯಂದಿರೇ, ಹಿಂದೆ ಬಂಡಿಗಳ ಮೇಲೆ ಹತ್ತಿ ನಿಂತ ಅಣ್ಣಂದಿರೇ, ಬೇವಿನ ಕೊಂಬೆಗೆ ಜೋತುಬಿದ್ದ ಪುಂಡರೇ! ಗದ್ದಲ ನಿಲ್ಲಿಸಿರಿ. ಅಳುವ ಕೂಸುಗಳ ಬಾಯಿಗೆ ಬೆಲ್ಲ ಇಡಿರಿ. ಪರದೆ ಏಳುವ ಹೊತ್ತಾಯಿತು!

ಗೆಳೆಯ ಚಿದಾನಂದ,

ನಗಬೇಡ. ಕಾಗದ ಬರೆಯಲು ಕೂತರೂ ನನ್ನ ಕೈ ಹೀಗೆಯೇ ಶುರು ಮಾಡುತ್ತದೆ. ಮಗನ ಮದುವೆಯಲ್ಲಿ ಬೀಗರನ್ನು ಸ್ವಾಗತಿಸಿದ್ದೂ ಹೀಗೆಯೇ. ಆದರೆ ಈ ಆಟಕ್ಕೆ ಟಿಕೇಟು ಪಡೆದ ಪ್ರೇಕ್ಷಕ ನೀನೊಬ್ಬನೇ. ಉಳಿದವರು ಬಿದಿರ ತಟ್ಟಿಯ ಹೊರಗೆ ನಿಂತು ಕೇಳಿದರೆ ಕೇಳಲಿ. ನಾನು ಮಾಡಿದ್ದು ಊರೆಲ್ಲರ ಮುಂದೆಯೇ ಮಾಡಿದ್ದು. ಬರೆಯುವುದನ್ನು ಮಾತ್ರ ಮುಚ್ಚಿಟ್ಟುಕೊಂಡು ಬರೆಯಲೇನು?

ಮೂರು ದಿನವಾಯಿತು, ನಾನು ಮನೆಯಲ್ಲಿ ಒಂದು ಮಾತೂ ಆಡಿಲ್ಲ. ಸೊಸೆ ಸೌಂದರ್ಯಾ ಹೆದರಿ ಡಾಕ್ಟರಲ್ಲಿಗೆ ಕರೆದೊಯ್ದಳು. ಆತ ನಾಲಿಗೆಯ ಮೇಲೆ ಕಟ್ಟಿಗೆಯ ಚಕ್ಕೆ ಇಟ್ಟು, ಬ್ಯಾಟರಿ ಬಿಟ್ಟು ನೋಡಿ, ಗಂಟಲಿಗೆ ಏನೂ ಆಗಿಲ್ಲವೆಂದು ಕಳಿಸಿದ. ನನ್ನ ಹೆಂಡತಿ ಮಲ್ಲವ್ವನಿಗೆ ಒಳಗೊಳಗೇ ಖುಷಿ. "ಮೂವತ್ತೆಂಟು ವರ್ಷದಾಗ ಮೊದಲನೇ ಸಲ ಈ ಮನಿಯಾಗ ಗಡಿಯಾರದ ಸಪ್ಪಳ ಕೇಳಿಸ್ಲಿಕತ್ತದ ನೋಡವಾ" ಎಂದು ಸೊಸೆಗೆ ಹೇಳಿದಳು. ಅವಳಿಗೇನು ಗೊತ್ತು. ನನಗೆ ಬಡಿದದ್ದು ಗಂಟಲಿಗಲ್ಲ. ಬೇಲಿಯ ಆಚೆ ನಿಂತ ಒಬ್ಬ ಮುದುಕ ನಾಲ್ಕು ಶಬ್ದ ಆಡಿದ, ನನ್ನ ಅರವತ್ತೆರಡು ವರ್ಷದ ಬದುಕು ಬುಡ ಮೇಲಾಗಿ ಬಿತ್ತು. ಹೇಗೆಂದು ಮೊದಲಿಂದ ಹೇಳುತ್ತೇನೆ.

ನಾವು ಮಗ ರುದ್ರೇಶನ ಹತ್ತಿರ ಬಂದು ಎರಡು ವರ್ಷವಾಯಿತು. ಕಟ್ಟಿಗೆಯ ಮನೆ, ಮೇಲೆ ತಗಡು, ಹಿಂದೆ ಹುಲ್ಲು, ಹುಲ್ಲಿನ ನಡುವೆ ಬಟ್ಟೆ ಒಣಹಾಕುವ ತಿರುಗುವ ಕಂಬ. ಮಳೆ ಬಂದರೆ ಆ ಕಂಬದ ತನಕ ಹೋಗುವುದರೊಳಗೆ ಮಲ್ಲವ್ವನ ಚಪ್ಪಲಿ ಕೆಸರಿನಲ್ಲಿ ಉಳಿದು ಕಾಲು ಮಾತ್ರ ಬರುತ್ತಿತ್ತು. ಹೋದ ವರ್ಷ ರುದ್ರೇಶ ಅಂಗಡಿಯಿಂದ ಕರಿಯ ಚಪ್ಪಡಿ ಕಲ್ಲು ತರಿಸಿದ. ಕಲ್ಲು ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಒಂದೊಂದನ್ನೇ ಎತ್ತಿ ನಿಲ್ಲಿಸಿ ಬೆರಳ ಗೆಣ್ಣಿನಿಂದ ಬಡಿದೆ. ಕಿಣ್ ಎಂದದ್ದು ಬಲಕ್ಕೆ, ದಬ್ ಎಂದದ್ದು ಎಡಕ್ಕೆ. ಶಹಾಬಾದದ ಮಗ್ಗುಲಿನ ನಮ್ಮ ಊರಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲನ್ನು ನಮ್ಮಪ್ಪಂದಿರು ಬಡಿದು ನೋಡುತ್ತಿದ್ದದ್ದು ಹೀಗೆಯೇ ಅಲ್ಲವೇ? ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಕ್ಕೇ ಸಿಗುತ್ತದೆ. "ಅಪ್ಪಾ, ಎಲ್ಲಾ ಒಂದೇ ಅಂಗಡಿ ಮಾಲು, ಸುಮ್ನ ಹಾಸ್ರಿ" ಎಂದು ರುದ್ರೇಶ ಒಳಗೆ ಹೋದ.

ಆಗ ಬೇಲಿಯ ಆಚೆಯಿಂದ ಇಂಗ್ಲಿಷಿನಲ್ಲಿ ಒಂದು ದನಿ ಬಂತು. "ಬಲಕ್ಕೆ ಇಟ್ಟೆಯಲ್ಲ, ಅದೂ ಸತ್ತಿದೆ. ಇನ್ನೊಮ್ಮೆ ಬಡಿ."

ಬಡಿದೆ. ದಬ್!

ಚಿದಾ, ನನ್ನ ಕೈಯಿಂದ ಕಲ್ಲು ಜಾರಿತು. ಸಮುದ್ರಗಳನ್ನು ದಾಟಿ ಬಂದ ಈ ದ್ವೀಪದಲ್ಲಿ, ಎಂಬತ್ತೈದು ವರ್ಷದ ಬಿಳಿಯ ಮುದುಕನೊಬ್ಬ ಬೇಲಿಯ ಆಚೆ ನಿಂತು ನಮ್ಮ ಕಸುಬಿನ ಕಿವಿಯಿಂದ ಕಲ್ಲು ಕೇಳುತ್ತಿದ್ದಾನೆ! ಆತನ ಹೆಸರು ಇದ್ವಲ್. ಊರು ವೇಲ್ಸ್ ಎಂಬ ನಾಡಿನ ಉತ್ತರದಲ್ಲಿ ಗುಡ್ಡಗಳ ನಡುವೆ. ಅದರ ಹೆಸರು ಹೇಳಲು ನಾನು ಬಾಯಿ ಎಷ್ಟು ಸಲ ತಿರುಚಿದರೂ ಬರಲಿಲ್ಲ. ಮಲ್ಲವ್ವನಿಗೆ ಆತನ ಹೆಸರೂ ಬರಲಿಲ್ಲ. 'ಇದ್ದಿಲಜ್ಜ' ಎಂದು ಕರೆದಳು. ಆತ ಅದಕ್ಕೂ ಓ ಎಂದ. ನನ್ನ ಉದ್ದ ಹೆಸರನ್ನು ಆತ 'ಶಿವಾ' ಎಂದು ಮೊಟಕು ಮಾಡಿದ.

ಇನ್ನೊಂದು ಸೋಜಿಗ ಕೇಳು. ನನ್ನದು ಸಿಮೆಂಟ್ ಕಾರ್ಖಾನೆಯ ಸ್ಟೋರ್ ಕೀಪರನ ಇಂಗ್ಲಿಷ್. ತಪ್ಪಾದರೆ ಕ್ಷಮಿಸಬೇಕು ಎಂದು ಮೊದಲ ದಿನವೇ ಕೈಮುಗಿದೆ. ಆತ ನಕ್ಕು, ತನಗೂ ಅದು ಪರಭಾಷೆ, ಶಾಲೆಗೆ ಹೋಗುವ ತನಕ ಒಂದು ಶಬ್ದವೂ ಬರುತ್ತಿರಲಿಲ್ಲ ಎಂದ. ಬಿಳಿಯನಿಗೆ ಇಂಗ್ಲಿಷ್ ಬಾರದ ಕಾಲವೂ ಇತ್ತೇ! ಅವರ ಮನೆಯಲ್ಲಿ, ಓಣಿಯಲ್ಲಿ, ಖಣಿಯಲ್ಲಿ, ದೇವರ ಮುಂದೆ, ಎಲ್ಲ ಕಡೆ ವೆಲ್ಷ್ ಭಾಷೆಯಂತೆ. ಅಂದಿನಿಂದ ನಾವಿಬ್ಬರೂ ಬೇಲಿಯ ಎರಡು ಕಡೆ ಖುರ್ಚಿ ಹಾಕಿಕೊಂಡು, ಇಬ್ಬರದೂ ಅಲ್ಲದ ಭಾಷೆಯಲ್ಲಿ ಅವಸರವಿಲ್ಲದೆ ಮಾತಾಡುತ್ತ ಬಂದೆವು.

ಏನು ಊರು ಅಂತೀ ಅದು! ಗುಡ್ಡವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಸ್ಲೇಟು ತೆಗೆಯುವ ಖಣಿ. ಛಾವಣಿ ಸ್ಲೇಟು, ಹೊಸ್ತಿಲು ಸ್ಲೇಟು, ಹೊಲದ ಬೇಲಿ ಸ್ಲೇಟು, ಶಾಲೆಯಲ್ಲಿ ಬರೆಯುವುದು ಸ್ಲೇಟು, ಸತ್ತರೆ ತಲೆಯ ಹತ್ತಿರ ನಿಲ್ಲಿಸುವುದೂ ಅದೇ. ಮನೆಗಳ ಬೆನ್ನಿಗೆ ಖಣಿಯ ಒಡಕು ಚೂರುಗಳ ದಿಬ್ಬ. ಮಳೆಯಲ್ಲಿ ಅದು ಜರಿಯುವ ಸದ್ದು ಕೇಳುತ್ತ ಮಕ್ಕಳು ನಿದ್ದೆ ಹೋಗುತ್ತಿದ್ದವಂತೆ. ಆತನ ಅಪ್ಪ ತೊಡೆಗೆ ಸರಪಳಿ ಸುತ್ತಿಕೊಂಡು ಬಂಡೆಗೆ ಜೋತುಬಿದ್ದು ಕೆಲಸ ಮಾಡಿದವನು. ಸೀಳಿದ ಹಲಗೆಗಳಿಗೆ ಅಳತೆಯ ಪ್ರಕಾರ ಹೆಸರು: ಇದು ರಾಣಿ, ಇದು ಡಚೆಸ್, ಇದು ಕೌಂಟೆಸ್, ಎಲ್ಲಕ್ಕಿಂತ ಚಿಕ್ಕದು ಬರೀ ಲೇಡಿ. ನಮ್ಮ ಫರಸಿಗೆ ಎರಡು ಬೈ ಎರಡು, ಎರಡು ಬೈ ಮೂರು ಬಿಟ್ಟರೆ ಒಬ್ಬ ರಾಣಿಯೂ ದಕ್ಕಲಿಲ್ಲ ನೋಡು!

ಮಧ್ಯಾಹ್ನದ ಊಟಕ್ಕೆ ಖಣಿಯಲ್ಲೇ ಒಂದು ಕಲ್ಲಿನ ಗುಡಿಸಲು. ಅಲ್ಲಿ ಚಹಾ ಕುಡಿಯುತ್ತ ಹಾಡು, ಪದ್ಯ ಹೇಳುವ ಪಂದ್ಯ, ವಾದ. ಧೂಳು ತಿಂದು ಕೆಮ್ಮುವ ಗಂಟಲುಗಳೇ ಹಾಡುತ್ತಿದ್ದವು ಎಂದ. ನಮ್ಮ ಖಣಿಯ ದಂಡೆಯಲ್ಲಿ ಬುತ್ತಿ ಬಿಚ್ಚಿ ನಾವು ನಾಟಕದ ಮಾತು ಒಪ್ಪಿಸುತ್ತಿದ್ದದ್ದು ನೆನಪಾಗಿ, ಎದ್ದು ನಿಂತು, ಬೇಲಿ ಹಿಡಿದು, ದರ್ಬಾರಿನ ಸೀನಿನ ನನ್ನ ಮಾತನ್ನು ಹೊಡೆದೆ. ಆಚೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಇದ್ವಲ್ ಚಪ್ಪಾಳೆ ತಟ್ಟಿದ.

ಇರಲಿ, ವಿಷಯಕ್ಕೆ ಬರುತ್ತೇನೆ. ಈ ಮಂಗಳವಾರ ಕನ್ನಡ ಕೂಟದ ಶಿವರಾಜ್ ಫೋನ್ ಮಾಡಿದ. ಇಲ್ಲಿಗೆ ಓದಲು ಬಂದು ಇಲ್ಲಿಯೇ ಉಳಿದ ಹುಡುಗ, ಬೆಂಗಳೂರಿನ ಕಡೆಯವನು, ರಾಜ್ಯೋತ್ಸವದ ಕಾರ್ಯಕ್ರಮವೆಲ್ಲ ಅವನ ತಲೆಯ ಮೇಲೆ. "ಅಂಕಲ್, ಪಾಪಟೋಟೊಯಿಯಲ್ಲಿ ಇನ್ನೊಬ್ಬರು ಅಂಕಲ್ ಸಿಕ್ಕಿದಾರೆ. ಮಗಳ ಮನೆಗೆ ಬಂದು ಆರು ತಿಂಗಳಾಯ್ತಂತೆ. ನಿಮ್ಮ ಶಹಾಬಾದ್ ಕಡೆಯವರೇ, ನಾಟಕ ಎಲ್ಲ ಮಾಡ್ತಿದ್ರಂತೆ. ನೀವಿಬ್ರೂ ಒಂದು ಸೀನ್ ಮಾಡಿಬಿಡಿ, ಸೂಪರಾಗಿರುತ್ತೆ" ಎಂದ. ಹೆಸರು ಕೇಳಿದೆ. ಚಿದಾನಂದ ಎಂದ. ತಂದೆಯ ಹೆಸರು ಕೇಳಿದೆ. ಶರಣಪ್ಪ ಎಂದ.

ನಲವತ್ತು ವರ್ಷ ಯಾವ ಊರಲ್ಲಿ ಹುಡುಕಿದರೂ ಸಿಗದ ನೀನು, ಒಂದು ಬಸ್ಸು ಒಂದು ರೈಲಿನ ದೂರದಲ್ಲಿ ಇದ್ದೀಯ! ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ನನ್ನ ಹೆಸರು ಅವರಿಗೆ ಹೇಳಿದೆಯಾ, ಏನೆಂದರು ಎಂದು ಕೇಳಿದೆ. ಶಿವರಾಜ್ ನಿನ್ನ ಮಾತನ್ನು ನಿನ್ನಂತೆಯೇ ಆಡಿ ತೋರಿಸಿದ. "ಗೊತ್ತದರೀ ಅಂವ. ದನಿ ಭಾಳ ಛಲೋ ಇತ್ತು ಅವಂದು."

ನಾನು ಏನು ತಿಳಿದುಕೊಂಡೆ ಗೊತ್ತೇ? ಹೊಗಳಿದೆ ಎಂದು ತಿಳಿದೆ! ಎಲ್ಲ ಮರೆತಿದ್ದೀಯ, ನನ್ನ ಕಲೆ ಮಾತ್ರ ನೆನಪಿಟ್ಟುಕೊಂಡಿದ್ದೀಯ ಎಂದು ಎದೆ ಉಬ್ಬಿತು. ಯಾವ ಸೀನು ಮಾಡುವುದು ಎಂದು ಶಿವರಾಜ್ ಕೇಳಿದಾಗ, ಹಿಂದು ಮುಂದು ನೋಡದೆ ದರ್ಬಾರಿನ ಸೀನು ಎಂದುಬಿಟ್ಟೆ. ಹೌದು, ಅದೇ ಸೀನು.

ಮರುದಿನ ಬುಧವಾರ ಬೆಳಿಗ್ಗೆ, ಕುಣಿಯುತ್ತ ಬೇಲಿಯ ಹತ್ತಿರ ಹೋಗಿ ಇದ್ವಲ್‌ಗೆ ಹೇಳಿದೆ. ಖಣಿಯಲ್ಲಿ ಕೂಡಿ ಬೆಳೆದ ಗೆಳೆಯ ಸಿಕ್ಕ, ಏನೋ ಒಂದು ಜಗಳ ಆಗಿತ್ತು, ಈಗ ಎಲ್ಲ ತಿಳಿಯಾಯಿತು, ನನ್ನ ದನಿ ಚೆನ್ನಾಗಿತ್ತು ಎಂದು ಹೇಳಿ ಕಳಿಸಿದ್ದಾನೆ ಎಂದೆ. ಇದ್ವಲ್ ನಗಲಿಲ್ಲ. ಅಷ್ಟೇ ಹೇಳಿದನೋ, ಬೇರೇನೂ ಹೇಳಲಿಲ್ಲವೋ ಎಂದು ಎರಡು ಸಲ ಕೇಳಿದ. ಆಮೇಲೆ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದ. ಡಬ್ಬಿಯಲ್ಲಿ ಹಳದಿಯಾದ ಒಂದು ರಟ್ಟು. ಅದರ ಮೇಲೆ ವೆಲ್ಷ್ ಅಕ್ಷರಗಳಲ್ಲಿ ಒಂದೇ ಸಾಲು. ಬೆರಳಿಟ್ಟು ಅರ್ಥ ಹೇಳಿದ: ಈ ಮನೆಯಲ್ಲಿ ದ್ರೋಹಿ ಇಲ್ಲ.

ನೂರು ವರ್ಷದ ಹಿಂದೆ ಅವರ ಖಣಿಯಲ್ಲಿ ಮೂರು ವರ್ಷ ಮುಷ್ಕರ ನಡೆಯಿತಂತೆ. ಮುಷ್ಕರದಲ್ಲಿ ನಿಂತ ಪ್ರತಿ ಮನೆಯ ಕಿಟಕಿಯಲ್ಲಿ ಈ ರಟ್ಟು. ಯಾವನಾದರೂ ಕೆಲಸಕ್ಕೆ ಹಿಂದಿರುಗಿದರೆ ಆ ಮನೆಯ ಕಿಟಕಿ ಖಾಲಿ. ಯಾರೂ ಬಾಯಿಂದ ಹೇಳಬೇಕಿರಲಿಲ್ಲ. ಖಾಲಿ ಗಾಜೇ ಊರಿಗೆ ಡಂಗುರ. ಇದ್ವಲ್‌ನ ಅಜ್ಜ ಎರಡನೆಯ ಚಳಿಗಾಲ, ಮೂರನೆಯ ಕೂಸೂ ಕಾಯಿಲೆ ಬಿದ್ದು ಹಾಸಿಗೆ ಹಿಡಿದ ಮೇಲೆ, ತಲೆ ತಗ್ಗಿಸಿ ಖಣಿಗೆ ಹೋದ. ಅಜ್ಜಿ ರಟ್ಟನ್ನು ಕಿಟಕಿಯಿಂದ ತೆಗೆದು, ಹರಿಯಲು ಮನಸ್ಸಾಗದೆ, ಬೈಬಲ್ಲಿನೊಳಗೆ ಇಟ್ಟಳು. ಇನ್ನೂ ಒಂದೂವರೆ ವರ್ಷ ಕಳೆದ ಮೇಲೆ ಎಲ್ಲರೂ ಸೋತು ಕೆಲಸಕ್ಕೆ ಹೋದರು. ಆದರೆ ಊರು ನೆನಪಿಟ್ಟುಕೊಂಡದ್ದು ಮೊದಲು ಹೋದವರನ್ನು ಮಾತ್ರ. ಮುಷ್ಕರ ಮುಗಿದು ಹದಿನೆಂಟು ವರ್ಷಕ್ಕೆ ಹುಟ್ಟಿದ ಇದ್ವಲ್‌ನ ಪಕ್ಕ ಶಾಲೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಈಫೋರ್ ಎಂಬ ಒಬ್ಬ ಹುಡುಗನನ್ನು ಬಿಟ್ಟು.

ಹತ್ತನೆಯ ವಯಸ್ಸಿನಲ್ಲಿ ಇದ್ವಲ್ ಅವರ ಪ್ರಾರ್ಥನಾ ಮಂದಿರದ ಪದ್ಯ ಹೇಳುವ ಪಂದ್ಯಕ್ಕೆ ನಿಂತ. ಅಮ್ಮ ಹೊಸ ಅಂಗಿ ಹೊಲಿದಿದ್ದಳು. ಮೊದಲ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಈಫೋರ್ ಎದ್ದು ನಿಂತು, ಕೈ ಕಟ್ಟಿಕೊಂಡು, ಪದ್ಯ ಹೇಳುವ ರಾಗದಲ್ಲಿಯೇ ಈ ರಟ್ಟಿನ ಸಾಲನ್ನು ಹೇಳಿದ. ಈ ಮನೆಯಲ್ಲಿ ದ್ರೋಹಿ ಇಲ್ಲ. ಜನ ನಕ್ಕರು. ದೊಡ್ಡ ನಗೆಯೇನಲ್ಲ, ಒಂದು ಉಸಿರಿನಷ್ಟು. ಇದ್ವಲ್ ಮೆಟ್ಟಿಲಿಳಿದ. ಮುಂದೆ ದೊಡ್ಡವನಾಗಿ ಹಡಗು ಹತ್ತಿ ಇಲ್ಲಿಗೆ ಬಂದು, ಐವತ್ತು ವರ್ಷ ಪರರ ಮನೆಗಳಿಗೆ ಛಾವಣಿ ಹೊದಿಸಿ, ಒಮ್ಮೆಯೂ ಆ ಊರಿಗೆ ತಿರುಗಿ ಹೋಗಲಿಲ್ಲ.

ಈಗ ಆ ಈಫೋರ್ ಬಗ್ಗೆ ಏನನ್ನಿಸುತ್ತದೆ ಎಂದು ನಾನು ಕೇಳಿದೆ. ಇದ್ವಲ್ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದ.

"ಅವನ ದನಿ ಚೆನ್ನಾಗಿತ್ತು."

ಚಿದಾ! ನಾನು ಬೇಲಿಯನ್ನು ಹಿಡಿದುಕೊಂಡೆ. ಎರಡು ಭೂಖಂಡ, ಎರಡು ಖಣಿ, ಒಬ್ಬರನ್ನೊಬ್ಬರು ಕಾಣದ ಇಬ್ಬರು ಮುದುಕರು, ಬಾಯಲ್ಲಿ ಅದೇ ಮಾತು. ಅದು ಹೊಗಳಿಕೆಯಲ್ಲ. ಮಾತು ಸಭೆಯ ಕೊನೆಯ ಸಾಲಿನ ತನಕ ಮುಟ್ಟಿತ್ತು, ಕೇಳದವರು ಒಬ್ಬರೂ ಉಳಿದಿರಲಿಲ್ಲ ಎಂಬುದು ಅದರ ಅರ್ಥ. ಇಷ್ಟು ವರ್ಷ ಆ ದನಿ ನಿನ್ನ ಕಿವಿಯಲ್ಲಿ ಆಡುತ್ತಲೇ ಇತ್ತು ಎಂಬುದು ಅದರ ಅರ್ಥ.

ನನ್ನ ಬಾಯಿಂದ ಒಂದೇ ಪ್ರಶ್ನೆ ಹೊರಟಿತು. ಇನ್ನೊಮ್ಮೆ ಹೇಳು ಎಂದು ಜನ ಈಫೋರ್‌ನನ್ನು ಕೇಳಿದರೇ?

ಇದ್ವಲ್ ವಿಚಿತ್ರವಾಗಿ ನೋಡಿದ. "ಇಲ್ಲ. ನಮ್ಮಲ್ಲಿ ಹಾಗೆ ಕೇಳುವ ಪದ್ಧತಿ ಇಲ್ಲ. ಒಂದೇ ಸಲಕ್ಕೆ ಸಾಕಾಯಿತು." ಆಮೇಲೆ ತಾನೇ ಕೇಳಿದ. "ಶಿವಾ, ನಿನ್ನ ಕಥೆಯಲ್ಲಿ ನೀನು ಯಾವ ಹುಡುಗ?"

ನಾನು ಬೇಲಿ ಬಿಟ್ಟು ಹಿಂದೆ ಸರಿದೆ. ಆತ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದ. ಅಂದಿನಿಂದ ಬೇಲಿಯ ಆಚೆಯ ಖುರ್ಚಿ ಖಾಲಿ ಇದೆ.

ನಮ್ಮಲ್ಲಿ ಪದ್ಧತಿ ಇದೆ. ಜನ 'ವನ್ಸ್ ಮೋರ್' ಎಂದರೆ ನಟ ತಿರುಗಿ ಹೇಳಲೇಬೇಕು. ಸತ್ತು ಬಿದ್ದ ರಾಜನೂ ಎದ್ದು ಹಾಡಿ ಮತ್ತೆ ಸಾಯಬೇಕು. ಸಾವಿರದ ಒಂಬೈನೂರ ಅರವತ್ತಾರು. ಖಣಿಯ ಗೋಡೆ ಕುಸಿದು ಇಬ್ಬರು ಸತ್ತ ಮೇಲೆ, ಆ ಗುಂಡಿ ಮುಚ್ಚುವ ತನಕ ಯಾರೂ ಇಳಿಯಬಾರದೆಂದು ನಲವತ್ತೊಂದು ದಿನ ಮುಷ್ಕರ. ಮೂವತ್ಮೂರನೆಯ ದಿನ ನಿನ್ನ ಅಪ್ಪ ಶರಣಪ್ಪ ಕಾಕಾ ಇಳಿದ. ಯಾಕೆ ಇಳಿದ ಎಂದು ಊರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು! ನಿನ್ನ ತಂಗಿ ಜ್ವರದಲ್ಲಿ ಮಾತು ತಪ್ಪಿ ಮಲಗಿದ್ದಳು. ಔಷಧಕ್ಕೆ ನಿನ್ನ ಜೊತೆ ಶಹಾಬಾದದ ತನಕ ನಡೆದು ಹೋದವನೇ ನಾನು. ಕಂಪೌಂಡರನ ಕಾಲು ಹಿಡಿದವನು ನೀನು, ಬಾಗಿಲಲ್ಲಿ ನಿಂತು ಅತ್ತವನು ನಾನು.

ಅದರ ಮರುದಿನ ಆಟ. ಗ್ಯಾಸ್‌ಬತ್ತಿಗೆ ಎಣ್ಣೆಯಿಲ್ಲದೆ ಹಾಡಹಗಲಿಗೇ ಇಟ್ಟಿದ್ದರು. ನೀನು ಯುವರಾಜ, ನಾನು ಸೇನಾಧಿಪತಿ. ಕೋಟೆಯ ಬಾಗಿಲು ತೆರೆದ ದ್ರೋಹಿ ಯಾರೆಂದು ಸಭೆಗೆ ತಿಳಿಯಬೇಕು ಎಂಬಲ್ಲಿಗೆ ಪುಸ್ತಕದಲ್ಲಿ ನನ್ನ ಮಾತು ಮುಗಿಯುತ್ತದೆ. ನಾನು ಮುಗಿಸಲಿಲ್ಲ. "ಬೇರೆಲ್ಲೂ ಹುಡುಕಬೇಡಿರಿ! ಖಣಿಗೆ ಇಳಿದ ಶರಣಪ್ಪನ ಮನೆಯಲ್ಲಿ ಹುಡುಕಿರಿ! ದ್ರೋಹಿಯ ಮಗ ಇಲ್ಲಿ ಕಿರೀಟ ಇಟ್ಟುಕೊಂಡು ನಿಂತಿದ್ದಾನೆ!"

ಶಿಳ್ಳೆ, ಚಪ್ಪಾಳೆ, ವನ್ಸ್ ಮೋರ್, ವನ್ಸ್ ಮೋರ್!

ಬಾಯಿ ಜಾರಿತು, ವಯಸ್ಸಿನ ಹುಮ್ಮಸ್ಸು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಮೊದಲ ಸಲ ಜಾರಿತು, ಒಪ್ಪುತ್ತೇನೆ. ಎರಡನೆಯ ಸಲ? ಎರಡನೆಯ ಸಲ ನಾನು ಎರಡು ಹೆಜ್ಜೆ ಮುಂದೆ ಬಂದೆ. ಎದೆ ತುಂಬ ಉಸಿರು ಎಳೆದುಕೊಂಡೆ. ದ್ರೋಹಿ ಎಂಬಲ್ಲಿ ದನಿಯನ್ನು ಎಳೆದು, ನಡುಗಿಸಿ, ಬೆರಳನ್ನು ನಿನ್ನ ಎದೆಗೆ ಚಾಚಿದೆ. ಹಗಲಾದ್ದರಿಂದ ಎಲ್ಲ ಕಾಣುತ್ತಿತ್ತು. ನಿನ್ನ ಬಣ್ಣದ ಮೇಲೆ ಇಳಿದ ನೀರು ಕಂಡಿತು. ಜನರ ಹಿಂದೆ, ಕೈಯಲ್ಲಿ ಟವೆಲು ಹಿಡಿದು ನಿಂತಿದ್ದ ಶರಣಪ್ಪ ಕಾಕಾ ಕಂಡ. ಮಗನ ಆಟ ನೋಡಲು ಬಂದಿದ್ದ. ಅವನನ್ನು ಕಂಡೇ ಎರಡನೆಯ ಸಲ ಹೇಳಿದೆ ಚಿದಾ. ಮಲ್ಲವ್ವನಿಗೂ ಇದನ್ನು ಹೇಳಿಲ್ಲ.

ನನ್ನ ಮಾತಾದ ಮೇಲೆ ನಿನ್ನ ಮಾತಿತ್ತು. ನೀನು ಆಡಲಿಲ್ಲ. ಕಿರೀಟ ತೆಗೆದು ಸಿಂಹಾಸನದ ಮೇಲೆ ಇಟ್ಟು, ಜನರ ನಡುವೆ ಇಳಿದು, ಅಪ್ಪನ ಕೈ ಹಿಡಿದುಕೊಂಡು ನಡೆದೆ. ಮುಂದಿನ ಸೋಮವಾರ ನಿಮ್ಮ ಮನೆಗೆ ಬೀಗ. ಅದೇ ವಾರದ ಕೊನೆಗೆ ಎಲ್ಲರೂ ಖಣಿಗೆ ಇಳಿದರು, ನನ್ನ ಅಪ್ಪನೂ ಇಳಿದ. ಗುಂಡಿ ಹಾಗೆಯೇ ಇತ್ತು. ನನ್ನ ಅಪ್ಪನನ್ನು ಯಾರೂ ಏನೂ ಅನ್ನಲಿಲ್ಲ.

ಕ್ಷಮಿಸು ಎಂದು ಬರೆಯಲು ಹೋಗಿ ಮೂರು ಹಾಳೆ ಹರಿದೆ. ಬರೆದು ಓದಿಕೊಂಡರೆ ಪ್ರತಿ ಸಲವೂ ಸೊಗಸಾದ ಡೈಲಾಗಿನಂತೆ ಕೇಳಿಸಿತು. ಅದಕ್ಕೇ ಬರೆಯುವುದಿಲ್ಲ. ನಿನ್ನೆ ಚೀಟಿ ಬರೆದು ಕೊಟ್ಟು ಸೌಂದರ್ಯಾಳಿಂದ ಶಿವರಾಜ್‌ಗೆ ಫೋನ್ ಮಾಡಿಸಿ ಆ ಸೀನು ಬೇಡ, ನನ್ನ ಹೆಸರನ್ನೂ ತೆಗೆದುಹಾಕು ಎಂದು ಹೇಳಿಸಿದೆ. ನಿನ್ನ ವಿಳಾಸ ಮಾತ್ರ ಕೇಳಿ ಬರೆಸಿಕೊಂಡೆ.

ನಿನ್ನ ಮಗಳ ಮನೆ ನಗುತ್ತಿರಲಿ. ನಿನ್ನ ತಂಗಿ ಎಲ್ಲಿದ್ದರೂ ಚೆನ್ನಾಗಿರಲಿ. ನಿನ್ನ ಮೊಮ್ಮಕ್ಕಳು ಏರಿದ ಮೆಟ್ಟಿಲನ್ನು ಹಾಡು ಮುಗಿಸಿಯೇ ಇಳಿಯಲಿ.

ನಾಳೆ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಸಿಟಿಗೆ ಹೋಗುತ್ತೇನೆ. ಕಾರಿನಲ್ಲಿ ಬಿಡುತ್ತೇನೆಂದು ರುದ್ರೇಶ ಹಟ ಹಿಡಿದರೂ ಒಲ್ಲೆ ಎನ್ನುತ್ತೇನೆ. ಅಲ್ಲಿಂದ ರೈಲು ಹತ್ತಿ ಪಾಪಟೋಟೊಯಿಯಲ್ಲಿ ಇಳಿದು, ಈ ಕಾಗದವನ್ನು ನಿನ್ನ ಗೇಟಿನ ಡಬ್ಬಿಗೆ ಹಾಕಿ, ಎದುರಿನ ಫುಟ್‌ಪಾತಿನ ಮೇಲೆ ನಿನಗೆ ಕಾಣುವ ಹಾಗೆ ನಿಲ್ಲುತ್ತೇನೆ. ಓದಿ ಹೊರಗೆ ಬಾ. ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಬಾ. ನಲವತ್ತು ವರ್ಷದಿಂದ ನಿನ್ನ ಮಾತು ಬಾಕಿ ಇದೆ. ಬೀದಿಯೆಲ್ಲ ಕೇಳುವ ಹಾಗೆ ಆಡು. ನೀನು ಒಂದು ಸಲ ಹೇಳಿದರೆ ಒಂದು ಸಲ ಕೇಳುತ್ತೇನೆ, ನೂರು ಸಲ ಹೇಳಿದರೆ ನೂರು ಸಲ.

ನಿನ್ನ ಎದುರು ತಲೆ ತಗ್ಗಿಸಿದ,
ಶಿವಪುತ್ರಪ್ಪ